ಮಸಿ ತೊಳೆದ ಕೈ

ನಮ್ಮ ಊರಿನಲ್ಲಿ ದೀಪದ ಎಣ್ಣೆಗೆ ಖರ್ಚು ಕಡಿಮೆ. ಹೊತ್ತು ಮುಳುಗಿದ ಮೇಲೆ ಎಲ್ಲರ ಉಗುರುಗಳೂ ಬೆಳಗುತ್ತವೆ. ದೊಡ್ಡ ಬೆಳಕೇನಲ್ಲ. ಒಂದು ಕೈಯ ಬೆಳಕಿನಲ್ಲಿ ಅಕ್ಕಿಯ ಕಲ್ಲು ಆರಿಸಬಹುದು, ಬೆಲ್ಲದ ಡಬ್ಬಿಗೆ ಇರುವೆ ಬಂದಿದೆಯೇ ಎಂದು ನೋಡಬಹುದು. ಪುಸ್ತಕ ಓದಬೇಕಾದರೆ ಎರಡು ಕೈಯೂ ಬೇಕು. ಆಗ ಪುಸ್ತಕ ಹಿಡಿಯಲು ಇನ್ನೊಬ್ಬರಿರಬೇಕು. ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಮುಷ್ಟಿ ಬಿಗಿಹಿಡಿದು ಅವಿತುಕೊಳ್ಳುತ್ತಾರೆ. ಮುನಿಸಿಕೊಂಡ ಗಂಡಹೆಂಡಿರು ಕೈಯನ್ನು ಹೊದಿಕೆಯೊಳಗಿಟ್ಟುಕೊಂಡು ಮಲಗುತ್ತಾರೆ. ಸಂಜೆಯ ಮೇಲೆ ಕೈಯ ಬೆಳಕು ಮುಚ್ಚಿಕೊಂಡು ತಿರುಗುವವರನ್ನು ಯಾರೂ ಒಳಗೆ ಕರೆಯುವುದಿಲ್ಲ. ಹಾಗೆ ತಿರುಗುವವರು ಕಳ್ಳರಿರಬೇಕು, ಇಲ್ಲವೇ ಸೂತಕದವರಿರಬೇಕು.

ನನ್ನ ಹೆಸರು ಪುಟ್ಟಗೌರಮ್ಮ. ನಮ್ಮದು ಹೂವಿನ ಮನೆ. ಕತ್ತಲಪ್ಪಸ್ವಾಮಿಯ ಗುಡಿಗೆ ಹಾರ ಕಟ್ಟಿಕೊಡುವುದು ನಮ್ಮ ತಾಯಿಯ ಕಾಲಕ್ಕಿಂತ ಮುಂಚಿನಿಂದಲೂ ನಮ್ಮ ಕೆಲಸ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ನಾನು ತವರಿಗೆ ಹಿಂದಿರುಗಿದೆ. ತಂಗಿ ಚೆನ್ನಾಜಮ್ಮನಿಗೆ ಮದುವೆಯೇ ಕೂಡಿಬರಲಿಲ್ಲ. ತಾಯಿ ಹೋದ ಮೇಲೆ ನಾವಿಬ್ಬರೇ ಉಳಿದೆವು. ಬೆಳಿಗ್ಗೆ ಹೂವು ಬಿಡಿಸುವುದು, ಮಧ್ಯಾಹ್ನ ಕಟ್ಟುವುದು, ಸಂಜೆ ಗುಡಿಗೆ ಒಯ್ಯುವುದು. ಊಟವಾದ ಮೇಲೆ ಚೆನ್ನಿ ಪುರಾಣದ ಪುಸ್ತಕ ಹಿಡಿದು ಓದುವಳು. ನಾನು ಎರಡು ಕೈಯನ್ನೂ ಹಾಳೆಯ ಮೇಲೆ ಚಾಚಿ ಕುಳಿತಿರುವೆನು. ನಿದ್ದೆ ಬಂದಾಗ ನಾನು ಬೆರಳು ಮಡಿಸಿಬಿಡುತ್ತಿದ್ದೆ. "ಇನ್ನು ನಾಲ್ಕು ಸಾಲು ಕಣೆ ಅಕ್ಕ, ರಾಕ್ಷಸ ಸಾಯೋವರೆಗಾದ್ರೂ ಕೈ ಬಿಚ್ಚಿಟ್ಟಿರೇ" ಎಂದು ಅವಳು ಅಂಗಲಾಚುವಳು.

ಹೂವಿನವರ ಉಗುರು ಎಂದೂ ಚೆನ್ನಾಗಿರುವುದಿಲ್ಲ. ತೊಟ್ಟನ್ನು ಹೆಬ್ಬೆರಳಿನ ಉಗುರಿನಿಂದಲೇ ಚಿವುಟಬೇಕು. ಬಾಳೆನಾರನ್ನು ಸೀಳಿ ಸೀಳಿ ಅದರ ಕರೆ ಉಗುರಿನ ಸಂದಿಗೆ ಇಳಿಯುತ್ತದೆ. ಆದರೂ ನಾವು ಅವನ್ನು ಕತ್ತರಿಸಿ ಒಪ್ಪವಾಗಿಟ್ಟುಕೊಂಡಿದ್ದೆವು. ನನ್ನ ಎಡಗೈಯ ಉಗುರನ್ನು ನಾನೇ ತೆಗೆದುಕೊಳ್ಳುತ್ತಿದ್ದೆ. ಬಲಗೈಯದು ಮಾತ್ರ ಚೆನ್ನಿಯ ಕೆಲಸ. ಎಡಗೈಯಲ್ಲಿ ಬ್ಲೇಡು ಹಿಡಿಯಲು ನನಗೆ ಚಿಕ್ಕಂದಿನಿಂದಲೂ ಬರಲಿಲ್ಲ. ಮಂಗಳವಾರ, ಶುಕ್ರವಾರ ಬಿಟ್ಟು ಉಳಿದ ಯಾವುದಾದರೊಂದು ದಿನ ಹಿತ್ತಲ ಕಲ್ಲಿನ ಮೇಲೆ ಕುಳಿತು, ನನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ನಾಲಿಗೆಯನ್ನು ಸ್ವಲ್ಪ ಹೊರಗೆ ಚಾಚಿ ಅವಳು ಉಗುರು ತೆಗೆಯುತ್ತಿದ್ದಳು. ಅವಳಲ್ಲದೆ ಬೇರೆ ಯಾರೂ ನನ್ನ ಆ ಕೈಯ ಉಗುರು ಕತ್ತರಿಸಿದ್ದಿಲ್ಲ.

ಗುಡಿಯ ವಿಷಯವನ್ನೂ ಹೇಳಬೇಕು. ಕತ್ತಲಪ್ಪಸ್ವಾಮಿಯ ಗರ್ಭಗುಡಿಗೆ ಬೆಂಕಿ ಒಯ್ಯುವ ಹಾಗಿಲ್ಲ. ಎಣ್ಣೆಯ ದೀಪವಿಲ್ಲ, ಕರ್ಪೂರವಿಲ್ಲ. ಅಮಾವಾಸ್ಯೆಯ ಸಂಜೆ ಸ್ವಾಮಿಗೆ ಹೊಸ ಹಾರ ಹಾಕುವಾಗ ಹೂವಿನ ಮನೆಯ ಇಬ್ಬರು ಹೆಂಗಸರು ಒಳಗೆ ಹೋಗಿ ಕೈ ಎತ್ತಿ ಬೆಳಕು ತೋರಿಸಬೇಕು. ಸ್ವಾಮಿಯ ಬಲಕ್ಕೊಂದು, ಎಡಕ್ಕೊಂದು, ಗೋಡೆಯಲ್ಲಿ ಒಬ್ಬರು ನಿಲ್ಲುವಷ್ಟು ಗೂಡಿದೆ. ಹಿರಿಯವಳು ಬಲದ ಗೂಡಿನಲ್ಲಿ, ಕಿರಿಯವಳು ಎಡದ ಗೂಡಿನಲ್ಲಿ. ಇದು ಬದಲಾಗುವುದಿಲ್ಲ. ಅರ್ಚಕರು ಕೈಗೆ ಮಡಿಬಟ್ಟೆ ಸುತ್ತಿಕೊಂಡು, ಕಣ್ಣು ಮುಚ್ಚಿಕೊಂಡು, ಹಾರ ಹಿಡಿದು ನಡುವೆ ನಿಲ್ಲುತ್ತಾರೆ. ತನ್ನ ಕಡೆಯ ಮುಖ ಕಂಡೊಡನೆ ಒಬ್ಬೊಬ್ಬಳೂ "ಬೆಳಕಾಯಿತು" ಎನ್ನಬೇಕು. ಎರಡು ಸಲ ಆ ಮಾತು ಕೇಳಿದ ಮೇಲೆಯೇ ಅರ್ಚಕರು ಹಾರ ಹಾಕುವುದು, ಪರದೆಯ ಹೊರಗಿನವರು ಗಂಟೆ ಹೊಡೆಯುವುದು. ಸ್ವಾಮಿಯ ಮೂಗು ದೊಡ್ಡದು. ಈ ಕಡೆಯ ಬೆಳಕು ಆ ಕಡೆಗೆ ದಾಟುವುದಿಲ್ಲ.

ನನಗೆ ಕಾಣುತ್ತಿದ್ದ ಮುಖ ಗಂಭೀರವಾದದ್ದು. ತುಟಿ ಬಿಗಿದು, ಹುಬ್ಬು ಇಳಿದು, ತಪ್ಪು ಮಾಡಿದವರನ್ನು ಕರೆದು ನಿಲ್ಲಿಸಿಕೊಂಡವನ ಹಾಗೆ. ನಾನು ಪ್ರತಿ ಸಲವೂ ಭಯದಿಂದ ಕೈ ಎತ್ತುತ್ತಿದ್ದೆ. ಚೆನ್ನಿ ಮಾತ್ರ ದಾರಿಯಲ್ಲಿ ಬರುತ್ತ, "ಇವತ್ತೂ ನಕ್ಕ ಕಣೆ ಅಕ್ಕ" ಎನ್ನುವಳು.

"ಸಾಕು ಬಾಯಿ ಮುಚ್ಚೇ. ನಗಾಡಕ್ಕೆ ಸ್ವಾಮಿಯೇನು ನಿನ್ನ ಸೋದರಮಾವನಾ?"

"ನಿನಗೆ ಹೆದರ್ಕೊಂಡು ನಿನ್ನ ಕಡೆ ನಗಲ್ಲ ಅನ್ಸುತ್ತೆ."

ಗರ್ಭಗುಡಿಯ ಮಾತು ಹೊರಗೆ ಆಡಬಾರದೆಂದು ನಾನು ಗದರುತ್ತಿದ್ದೆ. ಆ ಬಗ್ಗೆ ನಮ್ಮ ನಡುವೆ ಆಗಿದ್ದಷ್ಟೂ ಮಾತು ಅಷ್ಟೇ. ಕೊನೆಯ ಜ್ವರದಲ್ಲಿ ಮಲಗಿದ್ದಾಗ ಒಂದು ಮಧ್ಯಾಹ್ನ ಅವಳು, "ಅಕ್ಕ, ಅವನು ನಿನಗೆ ಒಂದ್ಸಲಾನೂ ನಗಲಿಲ್ವಾ?" ಎಂದು ಕೇಳಿದಳು. ಜ್ವರದ ಮಾತೆಂದು ಹಣೆಯ ಮೇಲಿನ ಬಟ್ಟೆಯನ್ನು ಒದ್ದೆ ಮಾಡಿ ಹಾಕಿದೆ.

ಮಳೆಗಾಲ ಹಿಡಿಯುವ ಮೊದಲು ಅವಳು ಹೋದಳು. ನಮ್ಮಲ್ಲಿ ಉಸಿರು ನಿಂತೊಡನೆ ಹೆಣವನ್ನು ಎತ್ತುವುದಿಲ್ಲ. ಉಗುರುಗಳು ಒಂದೊಂದಾಗಿ ಆರುವವರೆಗೆ ಮನೆಯವರು ಪಕ್ಕದಲ್ಲಿ ಕುಳಿತಿರಬೇಕು. ಅವಳ ಎಡಗೈಯ ಉಂಗುರದ ಬೆರಳು ಕೋಳಿ ಕೂಗುವವರೆಗೂ ಉರಿಯಿತು. ಅದೂ ಆರಿದ ಮೇಲೆ ನನ್ನ ಹತ್ತು ಬೆರಳಿಗೂ ಮಸಿ ಹಚ್ಚಿದರು. ದೀಪದ ಕಪ್ಪು, ಹರಳೆಣ್ಣೆ, ಬೇಲದ ಅಂಟು ಕಲಸಿ ಮಾಡುವ ಮಸಿ ಅದು. ಹೋದವರು ಗುರುತಿನ ಬೆಳಕು ನೋಡಿ ಹಿಂದಿರುಗಬಾರದೆಂದು ಹದಿಮೂರು ದಿನ ಅದನ್ನು ಇಟ್ಟುಕೊಳ್ಳುವುದು ಪದ್ಧತಿ. ಹದಿನಾಲ್ಕನೆಯ ದಿನ ಅಂಟುವಾಳದ ನೀರಿನಲ್ಲಿ ತೊಳೆದುಕೊಂಡು ಗುಡಿಗೆ ಹೋಗಬೇಕು.

ನಾನು ತೊಳೆಯಲು ಕುಳಿತೆ. ನೀರು ತಣ್ಣಗಾಯಿತು. ಎದ್ದು ನೀರು ಚೆಲ್ಲಿದೆ. ಮಾರನೆಯ ದಿನವೂ ಹಾಗೆಯೇ ಆಯಿತು. ಮಸಿ ಒಂದು ಕಡೆ ಉದುರಿದಾಗ ನಾನೇ ಮತ್ತೆ ಕಲಸಿ ಹಚ್ಚಿಕೊಂಡೆ. ಅವಳದು ಆರಿಹೋಗಿ, ನನ್ನದು ಮಾತ್ರ ಅಡಿಗೆಮನೆಯಲ್ಲಿ, ಹಿತ್ತಲಲ್ಲಿ, ಅವಳ ಖಾಲಿ ಚಾಪೆಯ ಮೇಲೆ ಬೆಳಗುತ್ತ ತಿರುಗುವುದನ್ನು ನನಗೆ ನೋಡಲಾಗುತ್ತಿರಲಿಲ್ಲ. ಸಂಜೆಯಾದರೆ ಕತ್ತಲಲ್ಲೇ ಕುಳಿತು ಜಪ ಮಾಡುತ್ತಿದ್ದೆ. ಹಾರವನ್ನು ಹಗಲಲ್ಲೇ ಕಟ್ಟಿ ಕಳಿಸುತ್ತಿದ್ದೆ. ಮಸಿಯ ಕೆಳಗೆ ಉಗುರು ದಪ್ಪವಾಗುತ್ತ, ಸೀಳುತ್ತ, ಬುಡದ ಚರ್ಮವೆಲ್ಲ ಮೇಲೆ ಹತ್ತುತ್ತ ಹೋಯಿತು. ಶ್ರಾವಣದಲ್ಲಿ ಒಮ್ಮೆ ಹೆಬ್ಬೆರಳಿನ ತುದಿಯನ್ನು ಸ್ವಲ್ಪ ಕೆರೆದು ಸೆರಗಿನೊಳಗೆ ಹಿಡಿದು ನೋಡಿದೆ. ಏನೂ ಕಾಣಲಿಲ್ಲ. ಆರಿದೆ, ಒಳ್ಳೆಯದೇ ಆಯಿತು ಎಂದುಕೊಂಡೆ.

ಕಾರ್ತಿಕ ಬಂದಾಗ ಅರ್ಚಕ ಶೇಷಪ್ಪಯ್ಯನವರು ಮನೆಗೆ ಬಂದು ಜಗಲಿಯ ಮೇಲೆ ಕುಳಿತರು.

"ಗೌರಮ್ಮನೋರೇ, ಇಷ್ಟು ಅಮಾವಾಸ್ಯೆ ಕತ್ತಲಲ್ಲೇ ಹಾರ ಹಾಕಿದೀನಿ. ಹೋದ ಸಲ ಸ್ವಾಮಿ ಕಿವಿಗೆ ಸಿಕ್ಕಿ ಒಂದೇ ಕಡೆ ನೇತಾಡ್ತಿತ್ತು. ಮಾರನೇ ದಿನ ಕೈಯಾಡಿಸಿದಾಗ ಗೊತ್ತಾಯ್ತು. ನಾಚಿಕೆಗೇಡು."

ನಾನು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಕಾರ್ತಿಕದ ಅಮಾವಾಸ್ಯೆ ದೊಡ್ಡದು. ನಿಮ್ಮಿಂದ ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ. ಗಾಣದ ಮನೆಯವರು ಕೇಳ್ತಿದಾರೆ. ಅವರ ಸೊಸೆಯರಿಬ್ಬರ ಉಗುರೂ ಗೋಡೆ ಆಚೆಗೂ ಕಾಣೋ ಹಾಗೆ ಬೆಳಗುತ್ತಂತೆ."

"ಕೊಟ್ಟುಬಿಡಿ" ಎಂದು ಹೇಳಲು ಬಾಯಿ ತೆರೆದೆ. ಸೆರಗನ್ನೇ ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡೆ. ಶೇಷಪ್ಪಯ್ಯನವರು ನನ್ನ ಮುಖ ನೋಡಿ ದನಿ ತಗ್ಗಿಸಿದರು.

"ಒಂದು ಸಲ ಸೇವೆ ಮನೆ ಬಿಟ್ಟು ಹೋದ್ರೆ ತಿರುಗಿ ಬರಲ್ಲ. ನಿಮಗೆ ಗೊತ್ತಿರೋದೇ. ಇಬ್ಬರು ಇಲ್ದಿದ್ರೆ ಒಬ್ಬರಾದ್ರೂ ಸಾಕು. ಬೆಳಕು ಮಾತ್ರ ಬೇಕು, ಅಷ್ಟೇ. ಅಮಾವಾಸ್ಯೆ ದಿನ ಬೆಳಿಗ್ಗೆ ಹೇಳಿ ಕಳಿಸಿ."

ಅವರು ಹೋದ ಮೇಲೆ ಸಣ್ಣ ಕತ್ತಿ ತೆಗೆದುಕೊಂಡು ಮಸಿ ಕೆರೆಯಲು ಕುಳಿತೆ. ಅದು ಉಗುರಿನೊಡನೆ ಒಂದಾಗಿ ಕಲ್ಲಾಗಿತ್ತು. ಕೆರೆದ ಕಡೆ ಉಗುರೇ ಪೊರೆಪೊರೆಯಾಗಿ ಎದ್ದು ರಕ್ತ ಬಂತು. ಪಕ್ಕದ ಮನೆಯ ಸಾಕಮ್ಮ, ಹಪ್ಪಳ ಮಾಡಿ ಮಾರುವವಳು, ಒಣಹಾಕಲು ನಮ್ಮ ಅಂಗಳಕ್ಕೆ ಬಂದವಳು ನೋಡಿಬಿಟ್ಟಳು.

"ಅಯ್ಯೋ ಗೌರಕ್ಕ, ಅದೇನು ಉಗುರಾ, ಸುಟ್ಟ ಬದನೆಕಾಯಾ? ಕತ್ತಿ ಕೆಳಗಿಡು. ನಾಳೆ ಬುಧವಾರ, ಉಗುರಂಗಡಿಗೆ ಹೋಗೋಣ."

"ಅಲ್ಲಿಗೆ ಹೋಗೋರು ಮದುವೆ ಹೆಣ್ಣುಗಳು, ನಾಟಕದೋರು. ಈ ವಯಸ್ಸಿನಲ್ಲಿ ನಾನು ಅಲ್ಲಿ ಹೋಗಿ ಕೂತ್ಕೊಳ್ಳೋದಾ?"

"ಹಲ್ಲು ನೋವು ಬಂದ್ರೆ ಹಲ್ಲು ಕೀಳೋನ ಹತ್ರ ಹೋಗಲ್ವಾ? ಬಾಯಿ ತೋರಿಸಕ್ಕಿಂತ ಕೈ ತೋರಿಸೋದು ಎಷ್ಟೋ ವಾಸಿ."

ಉಗುರಂಗಡಿ ಪೇಟೆಯ ತುದಿಯಲ್ಲಿ, ಹಿಟ್ಟಿನ ಗಿರಣಿಗೆ ಎದುರಾಗಿದೆ. ನಾನು ಆ ಬಾಗಿಲ ಮುಂದೆ ಎಷ್ಟೋ ಸಲ ಹೂವಿನ ಬುಟ್ಟಿ ಹೊತ್ತು ಹಾದುಹೋಗಿದ್ದೆ. ಒಳಗೆ ಕಾಲಿಟ್ಟಿದ್ದು ಅಂದೇ. ಒಂದು ಎತ್ತರದ ಮೇಜು, ಮೇಜಿನ ಮೇಲೆ ಬಿಳಿಯ ಟವಲು, ಬೋಗುಣಿಗಳು, ಸಣ್ಣ ಸಣ್ಣ ಅರಗಳು, ಬಣ್ಣದ ಬಾಟಲಿಗಳು. ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ. ಅದರ ಒಂದು ಪಕ್ಕದಲ್ಲಿ ಕೈ ತೂರಿಸಲು ಕಪ್ಪು ಬಟ್ಟೆ ಕಟ್ಟಿದ ತೂತು. ಮೇಲೆ ಕಣ್ಣಿಟ್ಟು ನೋಡಲು ಒಂದು ಸೀಳು. ಹಗಲಿನಲ್ಲಿ ಬೆಳಕು ಪರೀಕ್ಷೆ ಮಾಡುವುದು ಅದರಲ್ಲಿ. ಅದಕ್ಕೆ ಕತ್ತಲೆಪೆಟ್ಟಿಗೆ ಎನ್ನುತ್ತಾರೆ.

ಅಂಗಡಿಯ ಒಡತಿ ದಾಕ್ಷಾಯಿಣಿ ಮೂವತ್ತು ದಾಟಿದವಳು, ದಪ್ಪ ಗಾಜಿನ ಕನ್ನಡಕದವಳು. ಆಗ ಗಿರಣಿಯ ಕರಿಬಸಪ್ಪನ ಕೈ ಹಿಡಿದುಕೊಂಡು ಕೆಲಸ ಮಾಡುತ್ತಿದ್ದಳು. ಅವನಿಗೆ ಎರಡನೆಯ ಸಂಬಂಧ ನೋಡುತ್ತಿದ್ದರು. ಹೆಣ್ಣಿನ ಕಡೆಯವರು ದೀಪ ಆರಿಸಿ ಗಂಡಿನ ಕೈ ನೋಡುವುದು ನಮ್ಮ ಕಡೆಯ ರೂಢಿ.

"ಸ್ವಲ್ಪ ನೀಲಿ ಹಚ್ಚು ದಾಕ್ಷಿ, ಬೆಳಕು ತಂಪಾಗಿರಲಿ" ಎಂದ ಕರಿಬಸಪ್ಪ.

"ಮೊದಲನೆಯೋರು ಯಾವ ಬಣ್ಣ ನೋಡಿ ಒಪ್ಪಿದ್ರು?"

"ಅವಳು ನೋಡ್ಲೇ ಇಲ್ಲ. ಅದಕ್ಕೇ ಓಡಿಹೋದ್ಲು."

ಸಾಕಮ್ಮ ಗಟ್ಟಿಯಾಗಿ ನಕ್ಕಳು. ಅವನೂ ನಕ್ಕು, ನನ್ನನ್ನು ನೋಡಿ ಗಂಭೀರನಾಗಿ, ಎದ್ದು ಮೂಲೆಯ ಸ್ಟೂಲಿನ ಮೇಲೆ ಬಣ್ಣ ಒಣಗಿಸಿಕೊಳ್ಳುತ್ತ ಕುಳಿತ. ನಾನು ಮೇಜಿನ ಮುಂದೆ ಕುಳಿತೆ. ಕೈ ಸೆರಗಿನೊಳಗೇ ಇತ್ತು.

"ನಮ್ಮ ಕೈ ಬಹಳ ಕೆಟ್ಟಿದೆಯಮ್ಮ. ಬೇಜಾರು ಮಾಡ್ಕೋಬೇಡ" ಎಂದೆ.

"ಇಲ್ಲಿಗೆ ಬರೋರೆಲ್ಲ ಮೊದಲು ಇದೇ ಹೇಳ್ತಾರಮ್ಮ. ಕೊಳೆ ಬಟ್ಟೇನ ಅಗಸರಿಗೆ ಹಾಕೋಕ್ ಮುಂಚೆ ಯಾರಾದ್ರೂ ಒಗೀತಾರಾ? ಎಲ್ಲಿ, ಕೊಡಿ."

ಕೊಟ್ಟೆ. ಅವಳು ಕೈ ಹಿಡಿದು ಕನ್ನಡಕ ಸರಿಮಾಡಿಕೊಂಡು ನೋಡಿದಳು. ಮುಖದ ನಗು ಹಾಗೆಯೇ ನಿಂತಿತು.

"ಹದಿಮೂರು ದಿನದ ಮಸಿ ತೆಗೆದಿದೀನಿ. ಇದು... ಎಷ್ಟು ದಿನದ್ದು?"

"ಮಳೆಗಾಲಕ್ಕೆ ಮುಂಚಿನದು" ಎಂದಳು ಸಾಕಮ್ಮ.

ಬಿಸಿನೀರಿಗೆ ಅಂಟುವಾಳದ ಪುಡಿ, ಉಪ್ಪು, ಅರ್ಧ ನಿಂಬೆಹಣ್ಣು ಹಾಕಿ ನನ್ನ ಕೈ ಅದ್ದಿಸಿದಳು. ನೀರು ಬಹಳ ಬಿಸಿಯಿತ್ತು. ಹೇಳಲು ಸಂಕೋಚವಾಗಿ ಸುಮ್ಮನಿದ್ದೆ. ಕೊನೆಗೆ ಕರಿಬಸಪ್ಪನೇ, "ದಾಕ್ಷಿ, ಅಜ್ಜಿ ಕೈ ಬೇಯಿಸ್ತಿದೀಯಾ?" ಎಂದು ಕೂಗಿದ. ಅವಳು ಗಾಬರಿಯಿಂದ ತಣ್ಣೀರು ಸುರಿದು, ನನಗೆ ಕೇಳುವಂತೆಯೇ ತನ್ನನ್ನು ಬೈದುಕೊಂಡಳು. ಮಸಿ ಅಷ್ಟಕ್ಕೂ ಜಗ್ಗಲಿಲ್ಲ. ಆಮೇಲೆ ಬೆಚ್ಚಗಿನ ಕೊಬ್ಬರಿಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಬೆರಳು ಬೆರಳಿಗೂ ಸುತ್ತಿ, ಕಾದು, ಬೇವಿನ ಕಡ್ಡಿಯಿಂದ ಮೆಲ್ಲಗೆ ಕೆದಕಿದಳು. ಆಗ ಒಂದೊಂದೇ ಪದರ ಬಿಟ್ಟಿತು. ಟವಲು ಪೂರಾ ಕಪ್ಪಾಯಿತು. ಮಸಿ ಬಿಟ್ಟ ಹೆಬ್ಬೆರಳಿನ ಉಗುರು ಹಳದಿಯಾಗಿತ್ತು, ಮಧ್ಯದಲ್ಲಿ ಉದ್ದಕ್ಕೆ ಸೀಳಿತ್ತು. ಬುಡದ ಚರ್ಮ ಅರ್ಧದವರೆಗೂ ಹತ್ತಿ ಕುಳಿತಿತ್ತು. ಇಷ್ಟು ಜನರ ಮುಂದೆ ಅದು ಬತ್ತಲೆಯಾಗಿ ಮಲಗಿದ್ದನ್ನು ನೋಡಿ ನನಗೆ ನಾಚಿಕೆಯಾಯಿತು.

"ಪೆಟ್ಟಿಗೇಲಿ ಒಂದ್ಸಲ ನೋಡಿಬಿಡೋಣ" ಎಂದು ದಾಕ್ಷಾಯಿಣಿ ನನ್ನ ಕೈಯನ್ನು ಕಪ್ಪು ಬಟ್ಟೆಯೊಳಗೆ ತೂರಿಸಿ ಸೀಳಿಗೆ ಕಣ್ಣಿಟ್ಟಳು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಸಾಕಮ್ಮ ಅವಳನ್ನು ಪಕ್ಕಕ್ಕೆ ಸರಿಸಿ ತಾನೂ ನೋಡಿದಳು.

"ಏನೂ ಇಲ್ಲ, ಅಲ್ವಾ?" ಎಂದೆ.

"ತುದಿ ಪೂರ್ತಿ ಸತ್ತಿದೆಯಮ್ಮ, ಮಸಿ ಒಳಗೇ ಇಳಿದುಬಿಟ್ಟಿದೆ. ಬುಡದ ಮೇಲೆ ಚರ್ಮ ಇದೆ, ಏನೂ ಹೇಳಕ್ಕಾಗಲ್ಲ. ಮೊದಲು ಈ ತುದೀನ ಕತ್ತರಿಸಿಬಿಡ್ತೀನಿ" ಎಂದು ನೇಲ್ ಕಟರ್ ತೆಗೆದುಕೊಂಡಳು.

ನಾನು ಬಲಗೈ ಎಳೆದುಕೊಂಡೆ. ಯೋಚಿಸಿ ಮಾಡಿದ್ದಲ್ಲ.

"ನೋವಾಗಲ್ಲಮ್ಮ."

"ನೋವಿಗಲ್ಲ" ಎಂದೆ. "ಆ ತುದಿ ಇದೆಯಲ್ಲ, ಅದು ನಮ್ಮ ಚೆನ್ನಿ ಇದ್ದಾಗ ಬೆಳೆದಿದ್ದು. ಬುಡದಲ್ಲಿರೋದೆಲ್ಲ ಆಮೇಲೆ ಬಂದಿದ್ದು. ಅವಳು ನೋಡಿದ್ದು ಆ ತುದೀನ ಮಾತ್ರ. ಈ ಕೈದು ಯಾವಾಗಲೂ ಅವಳೇ ತೆಗೀತಿದ್ದಳು."

ಕರಿಬಸಪ್ಪ ಎದ್ದು ಹೊರಗೆ ಹೋದ. ನೀಲಿ ಇನ್ನೂ ಒಣಗಿರಲಿಲ್ಲ. ಸಾಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ದಾಕ್ಷಾಯಿಣಿ ಕಟರನ್ನು ಮೇಜಿನ ಮೇಲಿಟ್ಟಳು.

"ನನಗೆ ಏನು ಹೇಳಬೇಕೋ ಗೊತ್ತಾಗ್ತಿಲ್ಲಮ್ಮ. ಮದುವೆ ಹೆಣ್ಣು ಅತ್ರೆ ಏನಾದ್ರೂ ತಮಾಷೆ ಮಾಡಿ ನಗಿಸ್ತೀನಿ. ಬೇಡ ಅಂದ್ರೆ ಬಿಡ್ತೀನಿ. ಆದ್ರೆ ಅದು ಒಡೆದಿದೆ. ಯಾವತ್ತೋ ಒಂದಿನ ಸೀರೆ ನೆರಿಗೆಗೆ ಸಿಕ್ಕಿ ಅದಾಗೇ ಕಿತ್ತು ಬರುತ್ತೆ. ಎಲ್ಲಿ ಬಿತ್ತು ಅಂತ ನಿಮಗೆ ಗೊತ್ತೂ ಆಗಲ್ಲ."

ಅದು ನನಗೆ ಹೊಳೆದಿರಲಿಲ್ಲ. ಹಿತ್ತಲಲ್ಲೋ, ಬೀದಿಯಲ್ಲೋ, ಗುಡಿಸುವ ಕಸದಲ್ಲೋ. ಆಮೇಲೆ ಕಟರನ್ನು ಕೇಳಿ ತೆಗೆದುಕೊಂಡು, ಎಡಗೈಯ ಐದನ್ನು ನಾನೇ ಕತ್ತರಿಸಿದೆ. ಬಿದ್ದ ಚೂರುಗಳನ್ನು ಒಂದೂ ಬಿಡದೆ ಆರಿಸಿ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡೆ. ಬಲಗೈಯ ಸರದಿ ಬಂದಾಗ ಅಭ್ಯಾಸದಂತೆ ಅದನ್ನು ಎದುರಿದ್ದವಳ ಕಡೆ ಚಾಚಿದೆ. ಚೆನ್ನಿ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದಳು. ಇವಳು ಮೇಜಿನ ಮೇಲಿಟ್ಟುಕೊಂಡಳು. ಚೆನ್ನಿಯ ಕೈ ಯಾವಾಗಲೂ ಒದ್ದೆ, ತಣ್ಣಗೆ. ಇವಳ ಕೈ ಬೆಚ್ಚಗೆ, ಎಣ್ಣೆಯದು. ನಾಲಿಗೆ ಹೊರಗೆ ಚಾಚಲಿಲ್ಲ. ಆದರೆ ಕಿರುಬೆರಳಿಗೆ ಬಂದಾಗ ಉಸಿರು ಬಿಗಿಹಿಡಿದಳು, ಅಷ್ಟರಲ್ಲಿ ಕಟರು ಜಾರಿ ಚರ್ಮಕ್ಕೆ ತಗುಲಿತು. ಒಂದು ಹನಿ ರಕ್ತ ಬಂತು. "ಅಯ್ಯೋ ಶಿವನೇ" ಎಂದು ಅವಳು ಹತ್ತಿ ಹುಡುಕುವುದಕ್ಕೆ ಹೊರಟಳು.

"ಅವಳೂ ಹೀಗೇ ಅದೇ ಬೆರಳು ಕುಯ್ತಿದ್ದಳು" ಎಂದೆ. ನಿಜ. ಆ ಕಿರುಬೆರಳು ಸ್ವಲ್ಪ ಸೊಟ್ಟಗಿದೆ.

ಆ ಚೂರುಗಳೂ ಗಂಟಿಗೆ ಸೇರಿದವು. ಅವಳು ಬುಡದ ಚರ್ಮವನ್ನು ಎಣ್ಣೆ ಹಚ್ಚಿ ಹಿಂದಕ್ಕೆ ಸರಿಸಿದಳು, ಅರದಿಂದ ಅಂಚು ತೀಡಿದಳು, ಸೀಳಿದ ಕಡೆ ಏನೋ ಅಂಟು ಸವರಿದಳು. ಕೊನೆಗೆ ಅಂಗೈಯಿಂದ ಮೊಣಕೈಯವರೆಗೆ ಎಣ್ಣೆ ತಿಕ್ಕಿದಳು. ಈ ತಿಕ್ಕುವುದು ಅಂಗಡಿಯ ಕ್ರಮವಂತೆ. ಒಂದು ಜೀವ ಇನ್ನೊಂದರ ಕೈಯನ್ನು ಇಷ್ಟು ಹೊತ್ತು ಹಿಡಿದುಕೊಂಡಿರುವುದು ನನಗೆ ಮರೆತೇಹೋಗಿತ್ತು. ಬಣ್ಣ ಹಚ್ಚಲೇ ಎಂದು ಕೇಳಿದಳು. "ಕೆಂಪು ಹಚ್ಚು, ಇವಳಿಗೂ ಒಂದು ಗಂಡು ನೋಡೋಣ" ಎಂದಳು ಸಾಕಮ್ಮ. ಬೇಡವೆಂದೆ.

"ಈಗ ನೀವೇ ನೋಡಿಕೊಳ್ಳಿ" ಎಂದು ದಾಕ್ಷಾಯಿಣಿ ಪೆಟ್ಟಿಗೆಯನ್ನು ನನ್ನ ಮುಂದಕ್ಕೆ ಸರಿಸಿದಳು.

ಕೈ ತೂರಿಸಿ ಸೀಳಿಗೆ ಕಣ್ಣಿಟ್ಟೆ. ಮೊದಲು ಕಪ್ಪು. ಕಣ್ಣು ಹೊಂದಿಕೊಂಡ ಮೇಲೆ, ಹೆಬ್ಬೆರಳಿನ ಬುಡದಲ್ಲಿ, ಈಗ ತಾನೇ ಚರ್ಮ ಸರಿದ ಜಾಗದಲ್ಲಿ, ತೊಳೆದ ಅಕ್ಕಿಕಾಳಿನಷ್ಟು ಬೆಳಕು. ಆಮೇಲೆ ಅದರ ಪಕ್ಕದ ಬೆರಳಿನಲ್ಲಿ. ಆಮೇಲೆ ಉಂಗುರದ ಬೆರಳಿನಲ್ಲಿ, ಇನ್ನೂ ಸ್ವಲ್ಪ ಅಗಲವಾಗಿ. ಕಿರುಬೆರಳಿನದು ಸೊಟ್ಟಗೆ.

ನನಗೆ ಸಂತೋಷವಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಇಷ್ಟು ದಿನ ನಾನು ಕತ್ತಲಲ್ಲಿ ಕುಳಿತು, ಎಲ್ಲವೂ ಆರಿತೆಂದು ನಂಬಿ ಜಪ ಮಾಡುತ್ತಿರುವಾಗ, ಈ ಕೈ ನನ್ನನ್ನು ಕೇಳದೆ, ಅವಳನ್ನೂ ಕೇಳದೆ, ಮಸಿಯ ಕೆಳಗೆ ಹೊಸ ಬೆಳಕನ್ನು ಬೆಳೆಯುತ್ತಲೇ ಇತ್ತು. ಇದು ಚೆನ್ನಿ ಒಮ್ಮೆಯೂ ನೋಡದ ಬೆಳಕು. ಕೈಯನ್ನು ಹೊರಗೆ ತೆಗೆದು ಮಡಿಲಲ್ಲಿಟ್ಟುಕೊಂಡೆ. ಬೇರೆ ಯಾರದೋ ಕೈಯಂತೆ ಕಂಡಿತು.

"ಇದೆಯಾ?" ಎಂದು ಸಾಕಮ್ಮ ಕೇಳಿದಳು.

"ಇದೆ."

"ಇದ್ದರೆ ಯಾಕೆ ಹಾಗೆ ಮುಖ ಮಾಡ್ಕೊಂಡಿದೀಯಾ?"

ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡು ಎದ್ದೆ. ಹೊರಗೆ ಬಂದಾಗ ಕರಿಬಸಪ್ಪ ಗಿರಣಿಯ ಬಾಗಿಲಲ್ಲಿ ನಿಂತು ಉಗುರು ಊದಿಕೊಳ್ಳುತ್ತಿದ್ದ. "ಆಯ್ತಾ ಅಜ್ಜಿ?" ಎಂದ. "ಆಯ್ತಪ್ಪ, ನಿನ್ನದೂ ಆಗಲಿ" ಎಂದೆ.

ಸೆರಗಿನ ಗಂಟನ್ನು ಅಂದೇ ಬಿಚ್ಚಿ, ಚೆನ್ನಿ ನೆಟ್ಟ ಕನಕಾಂಬರದ ಬುಡವನ್ನು ಅಗೆದು, ಚೂರುಗಳನ್ನು ಹಾಕಿ ಮಣ್ಣು ಮುಚ್ಚಿದೆ. ಸಂಜೆ ಅಡಿಗೆಮನೆಗೆ ಹೋದಾಗ ಕೈ ಬೆಳಗಿತು. ಮಂಕಾಗಿ, ಅಲ್ಲೊಂದು ಇಲ್ಲೊಂದು. ಸಾಸಿವೆ ಡಬ್ಬಿ ಎಲ್ಲಿದೆಯೆಂದು ತಡಕುವುದು ತಪ್ಪಿತು. ಮೂಲೆಯಲ್ಲಿ ಸುತ್ತಿಟ್ಟ ಅವಳ ಚಾಪೆಯೂ ಕಂಡಿತು. ನೋಡಿದೆ. ನನ್ನ ಕೈ ಬೆಳಗುವುದು ನ್ಯಾಯವಲ್ಲವೆಂದೇ ಅನ್ನಿಸಿತು. ಆದರೂ ಅಮಾವಾಸ್ಯೆಯ ಬೆಳಿಗ್ಗೆ, ಸಂಜೆಗೆ ಬರುತ್ತೇನೆಂದು ಶೇಷಪ್ಪಯ್ಯನವರಿಗೆ ಹೇಳಿ ಕಳಿಸಿದೆ. ನಾನು ಬೆಳೆಸದೆ ಬೆಳೆದ ಬೆಳಕು ಯಾರದೋ ಅವನೇ ನೋಡಿಕೊಳ್ಳಲಿ ಎಂದುಕೊಂಡೆ.

ಆ ಸಂಜೆ ಗುಡಿಯಲ್ಲಿ ಜನ ತುಂಬಿದ್ದರು. ಗಾಣದ ಮನೆಯ ಸೊಸೆಯರೂ ಬಂದಿದ್ದರು. ಅವರ ಕೈ ನಿಜವಾಗಿಯೂ ಚೆನ್ನಾಗಿ ಬೆಳಗುತ್ತಿತ್ತು. ಎಲ್ಲರೂ ನನ್ನ ಬೆರಳುಗಳನ್ನು ನೋಡಿ, ನೋಡದವರಂತೆ ಮುಖ ತಿರುಗಿಸಿದರು. ಹಾರ ನಾನು ಕಟ್ಟಿದ್ದು, ಕನಕಾಂಬರ ಮತ್ತು ತುಳಸಿ. ಶೇಷಪ್ಪಯ್ಯನವರು ಕೈಗೆ ಮಡಿಬಟ್ಟೆ ಸುತ್ತಿಕೊಂಡು, ಕಣ್ಣು ಮುಚ್ಚಿ ಒಳಗೆ ಹೋದರು. ಹಿಂದೆ ನಾನು. ಪರದೆ ಬಿತ್ತು.

ಬಲದ ಗೂಡಿನಲ್ಲಿ ನಿಂತು ಕೈ ಎತ್ತಿದೆ. ಬೆಳಕು ಮೊದಲಿನಷ್ಟಿರಲಿಲ್ಲ. ಕೈಯನ್ನು ಇನ್ನಷ್ಟು ಮುಂದಕ್ಕೆ ಚಾಚಬೇಕಾಯಿತು. ಹಣೆ ಕಂಡಿತು, ಹುಬ್ಬು ಕಂಡಿತು, ಬಿಗಿದ ತುಟಿ ಕಂಡಿತು. ಅದೇ ಮುಖ. ಇಷ್ಟು ಅಮಾವಾಸ್ಯೆ ಎಲ್ಲಿ ಹೋಗಿದ್ದೆ ಎಂದು ಕೇಳುವಂತಿತ್ತು.

"ಬೆಳಕಾಯಿತು" ಎಂದೆ.

ಶೇಷಪ್ಪಯ್ಯನವರು ಹಾರ ಎತ್ತಿ ಹಿಡಿದು ನಿಂತೇ ಇದ್ದರು. ಹೊರಗೆ ಗಂಟೆ ಹೊಡೆಯಲಿಲ್ಲ. ಅವರೆಲ್ಲ ಎರಡನೆಯ ಮಾತಿಗೆ ಕಾಯುತ್ತಿದ್ದಾರೆಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಒಬ್ಬರಾದರೂ ಸಾಕು ಎಂದವರು ಅವರೇ. ಆದರೆ ಇಷ್ಟು ವರ್ಷದ ಅಭ್ಯಾಸ. ಎಡಗಡೆಯಿಂದ ದನಿ ಬಾರದೆ ಅವರ ಕೈ ಮುಂದೆ ಹೋಗಲಿಲ್ಲ, ನನ್ನ ಬಾಯಿಯೂ ಇನ್ನೊಂದು ಸಲ ಹೇಳಲು ಒಪ್ಪಲಿಲ್ಲ. ಎಡದ ಗೂಡು ಕಪ್ಪಾಗಿತ್ತು. ಸ್ವಾಮಿಯ ಮುಖದ ಆ ಅರ್ಧವೂ ಕಪ್ಪಾಗಿತ್ತು. ಅವಳು ಹೋದಂದಿನಿಂದ ಅದು ಕತ್ತಲಲ್ಲೇ ಇದೆ ಎಂಬುದು ನನಗೆ ಆಗಷ್ಟೇ ತಿಳಿದಂತಾಯಿತು.

ಹಿರಿಯವಳು ಬಲದ ಗೂಡು ಬಿಡುವಂತಿಲ್ಲ. ತಾಯಿ ಹೇಳಿದ್ದು ಹಾಗೆ. ನಾನು ಕೈ ಇಳಿಸಿ, ಸ್ವಾಮಿಗೆ ಕೈಮುಗಿದು ತಪ್ಪಾಯಿತೆಂದು ಹೇಳಿ, ಶೇಷಪ್ಪಯ್ಯನವರ ಹಿಂದಿನಿಂದ ಗೋಡೆ ಹಿಡಿದುಕೊಂಡು ಆ ಕಡೆಗೆ ಹೋದೆ. ಗೂಡಿನ ಕಲ್ಲಿನಲ್ಲಿ ಅವಳ ಪಾದ ಸವೆಸಿದ ತಗ್ಗು ಇತ್ತು. ನನ್ನ ಪಾದ ಅದಕ್ಕಿಂತ ದೊಡ್ಡದು. ಹೇಗೋ ಹೊಂದಿಸಿಕೊಂಡು ನಿಂತು, ಎರಡು ಕೈಯನ್ನೂ ಎತ್ತಿದೆ.

ಹೊಸ ಉಗುರಿನ ಮಂದ ಬೆಳಕು ಮೊದಲು ಕೆನ್ನೆಯ ಮೇಲೆ ಬಿತ್ತು. ಕೆನ್ನೆ ಉಬ್ಬಿತ್ತು. ಕೈಯನ್ನು ಸ್ವಲ್ಪ ಕೆಳಗಿಳಿಸಿದೆ. ತುಟಿಯ ಎಡದ ತುದಿ ಮೇಲಕ್ಕೆ ಎದ್ದಿತ್ತು, ಅದರ ಪಕ್ಕದಲ್ಲಿ ಒಂದು ಸಣ್ಣ ಗುಳಿ. ಈ ಕಡೆಯ ಹುಬ್ಬು ಇಳಿದಿರಲಿಲ್ಲ. ಉಳಿ ಜಾರಿ ಹಾಗಾಯಿತೋ, ಕಡೆದವನು ಬೇಕೆಂದೇ ಮಾಡಿದನೋ ನನಗೆ ತಿಳಿಯದು. ಆ ಕಣ್ಣು ನೇರವಾಗಿ ಈ ಗೂಡನ್ನೇ ನೋಡುತ್ತಿತ್ತು.

"ಗೌರಮ್ಮನೋರೇ" ಎಂದು ಶೇಷಪ್ಪಯ್ಯನವರು ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದರು. "ಆಯ್ತಾ? ತೋಳು ನೋಯ್ತಿದೆ."

"ಸ್ವಲ್ಪ ತಡೀರಿ" ಎಂದೆ. "ನಗ್ತಿದಾನೆ."